ಗಿರಣಿಯ ಸೀಟಿ ಮತ್ತು ಅಗಲಿದವರ ಹಾಡು

ಪರೇಲ್ ಎಂದೊಡನೆ ಇಂದಿನ ಕನ್ನಡಿಗನ ಕಣ್ಣ ಮುಂದೆ ನಿಲ್ಲುವುವು ಆಸ್ಪತ್ರೆಗಳು. ವಿಜಾಪುರದಿಂದಲೋ ಬೀದರದಿಂದಲೋ ರೋಗಿಯನ್ನು ಕರೆತಂದವರು ಕೆ. ಇ. ಎಂ. ಆಸ್ಪತ್ರೆಯ ಎದುರಿಗೂ ಟಾಟಾ ಆಸ್ಪತ್ರೆಯ ಎದುರಿಗೂ ಗಂಟುಮೂಟೆ ಇಟ್ಟುಕೊಂಡು ಕುಳಿತಿರುವುದನ್ನು ಕಾಣದವರು ನಮ್ಮ ಸಂಘದಲ್ಲಿ ಯಾರೂ ಇರಲಾರರು. ಆದರೆ ಈ ಪರೇಲಿಗೆ ಬೇರೊಂದು ಗುರುತು ಇದ್ದ ಕಾಲವೊಂದುಂಟು. ಪರೇಲ್, ಲಾಲ್‌ಬಾಗ್, ಶಿವ್ಡಿ, ವರ್ಲಿ, ಬೈಕಲಾ ಇವೆಲ್ಲ ಕೂಡಿ ಆಗ ‘ಗಿರಣಗಾವ’ ಎನಿಸಿಕೊಂಡಿದ್ದುವು. ಎಂದರೆ ಗಿರಣಿಗಳ ಊರು. ಬೆಳಗಿನ ಜಾವದಲ್ಲಿ ಗಿರಣಿಯ ಸೀಟಿ ಕೂಗಿತೆಂದರೆ ಚಾಳಿನ ಮೆಟ್ಟಿಲುಗಳಲ್ಲಿ ಸಾವಿರಾರು ಕಾಲುಗಳ ಸಪ್ಪಳ ಏಳುತ್ತಿತ್ತು. ಆ ಸೀಟಿಯು ಊರಿನ ಗಡಿಯಾರವಾಗಿತ್ತು. ಗಡಿಯಾರ ಕಟ್ಟಿಕೊಳ್ಳಲಾರದವರ ಗಡಿಯಾರ.

ಮುಂಬಯಿಯ ಮೊದಲ ಹತ್ತಿಯ ಗಿರಣಿಗಾಗಿ ಕಾವಸಜಿ ನಾನಾಭಾಯಿ ದಾವರರು ಕಂಪನಿ ಕಟ್ಟಿದ್ದು 1854ರಲ್ಲಿ. ತಾರದೇವದಲ್ಲಿ ಅದು ನೂಲು ತೆಗೆಯತೊಡಗಿದ್ದು 1856ರಲ್ಲಿ. ಅಲ್ಲಿಂದ ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವಂಥದೇ. ರತ್ನಾಗಿರಿ, ಸಾತಾರಾ, ಕೊಲ್ಹಾಪುರಗಳಿಂದ ಜನ ಬಂದರು. ತೆಲುಗು ನೇಕಾರರು ಬಂದರು. ನಮ್ಮ ಬೆಳಗಾವಿ, ವಿಜಾಪುರಗಳ ಕಡೆಯವರೂ ಬಂದರು. ಕರಾವಳಿಯ ಹುಡುಗರು ಬಂದು ಹೋಟೆಲುಗಳಲ್ಲಿ ಸೇರಿಕೊಂಡರು. ಬಂದವರಲ್ಲಿ ಹೆಚ್ಚಿನವರು ಗಂಡಸರು. 1961ರ ಜನಗಣತಿಯ ಹೊತ್ತಿಗೂ ಈ ಮಹಾನಗರದಲ್ಲಿ ಸಾವಿರ ಗಂಡಸರಿಗೆ 663 ಹೆಂಗಸರು ಮಾತ್ರ ಇದ್ದರು. ಉಳಿದ ಹೆಂಗಸರು ಎಲ್ಲಿದ್ದರು ಎಂದು ಯಾವ ಗಣತಿಯವನೂ ಕೇಳಲಿಲ್ಲ. ಹಳ್ಳಿಯ ಬೀಸುವ ಕಲ್ಲಿನ ಮುಂದೆ ಕುಳಿತಿದ್ದರು.

ಒಂದೇ ಕೋಣೆಯಲ್ಲಿ ಹತ್ತು ಹದಿನೈದು ಜನ ಪಾಳಿಯ ಮೇಲೆ ಮಲಗುತ್ತಿದ್ದ ದಿನಗಳವು. ರಾತ್ರಿಪಾಳಿಯವನು ಹಿಂತಿರುಗಿ ಬಂದಾಗ ಹಗಲುಪಾಳಿಯವನ ಹಾಸಿಗೆ ಇನ್ನೂ ಬೆಚ್ಚಗಿರುತ್ತಿತ್ತು. ಊಟ ಖಾನಾವಳಿಯಲ್ಲಿ. ಆ ಖಾನಾವಳಿಯನ್ನು ನಡೆಸುತ್ತಿದ್ದವರು ಬಹುಮಟ್ಟಿಗೆ ಹೆಂಗಸರೇ. ಪ್ರೇಮಾ ಪುರವ್ ಅವರು ಅಂಥವರನ್ನು ಒಟ್ಟುಗೂಡಿಸಿ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ಊರಿನಲ್ಲಿ ಉಳಿದ ಹೆಂಡತಿಗೆ ತಿಂಗಳಿಗೊಮ್ಮೆ ಮನಿಆರ್ಡರು ಹೋಗುತ್ತಿತ್ತು. ಆ ಮನಿಆರ್ಡರಿನ ಚೀಟಿಯ ತುದಿಯಲ್ಲಿ ನಾಲ್ಕು ಸಾಲು ಬರೆಯುವಷ್ಟು ಜಾಗವಿರುತ್ತಿದ್ದುದು ಹಳಬರಿಗೆ ನೆನಪಿರಬಹುದು. ಬರೆಯಲು ಬಾರದವನು ಬಲ್ಲವನಿಂದ ಬರೆಸುತ್ತಿದ್ದನು. ಓದಲು ಬಾರದವಳು ಅಂಚೆಯವನಿಂದ ಓದಿಸಿಕೊಳ್ಳುತ್ತಿದ್ದಳು. ಇಬ್ಬರ ನಡುವೆ ಇಬ್ಬರು ಪರಪುರುಷರು. ಪ್ರೀತಿಯ ಮಾತಿಗೆ ಅಲ್ಲಿ ಸ್ಥಳವೆಲ್ಲಿ? ಆ ಮಾತು ಹಾಡಿಗೆ ಹೋಯಿತು.

ಅಗಲಿದ ಪ್ರೇಮಿಗಳ ಜನಪದ ಕಥನಗೀತಗಳು ಏಕೆ ಇಷ್ಟೊಂದು ಮನಸ್ಸನ್ನು ಕಲಕುತ್ತವೆ ಎಂದು ಕೇಳಿದರೆ, ‘ಶೋಕವೇ ರಸಗಳಲ್ಲಿ ಮಿಗಿಲು’ ಎಂಬ ಪಂಡಿತರ ಉತ್ತರ ಸಿದ್ಧವಾಗಿರುತ್ತದೆ. ಅದು ಸುಳ್ಳೆಂದು ನಾನು ಹೇಳಲಾರೆ. ಆದರೆ ಅಷ್ಟರಿಂದ ನನಗೆ ಸಮಾಧಾನವಿಲ್ಲ. ಶೋಕದ ಹಾಡುಗಳು ಬೇಕಾದಷ್ಟಿವೆ, ಎಲ್ಲವೂ ಬಾಳುವುದಿಲ್ಲ. ಬಾಳಿದ ಹಾಡುಗಳನ್ನು ಮುಂದಿಟ್ಟುಕೊಂಡು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಇವು ಅಳುವುದಕ್ಕಿಂತ ಹೆಚ್ಚಾಗಿ ಲೆಕ್ಕ ಹೇಳುತ್ತವೆ. ಇವರನ್ನು ಅಗಲಿಸಿದವರಾರು, ಯಾವ ಕಾರಣಕ್ಕೆ, ಯಾರ ಲಾಭಕ್ಕೆ, ಆ ಲಾಭದ ಬೆಲೆಯನ್ನು ತೆತ್ತವರಾರು ಎಂಬ ಲೆಕ್ಕ.

ನಮ್ಮ ‘ಕೆರೆಗೆ ಹಾರ’ವನ್ನೇ ನೋಡಬಹುದು. ಇದನ್ನು ಬಲಿಯ ಹಾಡೆಂದು ಎಲ್ಲರೂ ಓದುತ್ತಾರೆ. ಶಾಲೆಯಲ್ಲಿ ಕಲಿಸುವುದೂ ಹಾಗೆಯೇ. ನನ್ನ ಮಟ್ಟಿಗೆ ಅದು ಅಗಲಿದ ಗಂಡ ಹೆಂಡಿರ ಹಾಡು. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಯಲ್ಲಿ ನೀರು ಬೀಳಲಿಲ್ಲ. ಕಿರಿಯ ಸೊಸೆ ಭಾಗೀರಥಿಯನ್ನು ಹಾರವಾಗಿ ಕೊಡಬೇಕೆಂದು ಮನೆಯವರು ನಿಶ್ಚಯಿಸಿದರು. ಅವಳ ಗಂಡ ಮಹಾದೇವರಾಯನು ಆಗ ಎಲ್ಲಿದ್ದಾನೆ? ದಂಡಿನಲ್ಲಿ. ಅವನು ಮನೆಯಲ್ಲಿದ್ದಿದ್ದರೆ ಈ ಹಾಡೇ ಇರುತ್ತಿರಲಿಲ್ಲ. ಅವಳು ತವರಿಗೆ ಹೋಗುತ್ತಾಳೆ; ಮುಖವೇಕೆ ಬಾಡಿದೆಯೆಂದು ತಂದೆ ಕೇಳಿದರೆ ಅತ್ತೆಮಾವಂದಿರು ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ನಿಜವನ್ನು ಗೆಳತಿಗೊಬ್ಬಳಿಗೆ ಹೇಳಿ ಹಿಂತಿರುಗುತ್ತಾಳೆ. ಆಮೇಲೆ ಕೆರೆ. ಒಂದೊಂದೇ ಮೆಟ್ಟಿಲಿಗೆ ನೀರು ಏರುತ್ತದೆ.

ಅತ್ತ ದಂಡಿನಲ್ಲಿ ಗಂಡನಿಗೆ ಕೆಟ್ಟ ಕನಸು. ಕುದುರೆಯೇರಿ ಬರುತ್ತಾನೆ. ಹೆಂಡತಿ ತವರಿಗೆ ಹೋದಳೆಂದು ಮನೆಯವರು. ಗೆಳತಿಯ ಮನೆಗೆ ಹೋದಳೆಂದು ತವರಿನವರು. ನಿಜ ಹೇಳಿದವಳು ಗೆಳತಿ. ಅವನು ಕೆರೆಗೆ ಹೋಗಿ ಹಾರಿಕೊಳ್ಳುತ್ತಾನೆ.

ಇಡೀ ಹಾಡಿನಲ್ಲಿ ಗಂಡ ಹೆಂಡಿರು ಒಬ್ಬರಿಗೊಬ್ಬರು ಒಂದು ಮಾತನ್ನೂ ಆಡುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ವಿರಹದ ವರ್ಣನೆಯಿಲ್ಲ, ಚಂದ್ರನಿಲ್ಲ, ಮಲಯಮಾರುತವಿಲ್ಲ. ಇರುವುದು ಒಂದೇ: ಸುದ್ದಿಯು ತಡವಾಗಿ ಮುಟ್ಟುವುದು. ಅವನು ಮೂರು ಬಾಗಿಲು ಬಡಿಯುವಾಗ ಕೇಳುವವನಿಗೆ ಆಗಲೇ ಎಲ್ಲ ಗೊತ್ತಿರುತ್ತದೆ; ಅವನೊಬ್ಬನಿಗೆ ಗೊತ್ತಿಲ್ಲ. ಕೇಳುವವರ ಗಂಟಲು ಹಿಡಿಯುವುದು ಅಲ್ಲಿ. ಊರಿಗೆಲ್ಲ ನೀರು ಬಂತು, ಲಾಭ ಎಲ್ಲರದು, ತೆತ್ತವರು ಇಬ್ಬರೇ. ಮಾವನು ದುಷ್ಟನೆಂದು ಹಾಡು ಎಲ್ಲಿಯೂ ಬೈಯುವುದಿಲ್ಲ. ಬೈಯದಿರುವುದರಿಂದಲೇ ಲೆಕ್ಕವು ಕೇಳುವವನ ತಲೆಯ ಮೇಲೆ ಬೀಳುತ್ತದೆ. ತಂದೆ ಸತ್ತ ತಂತಿ ಕೈಸೇರಿ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತಿದ್ದ ಗಿರಣಿಕಾರನಿಗೆ ಮಹಾದೇವರಾಯನ ಕುದುರೆಯ ಓಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ಇನ್ನೊಂದು ಮಾತು. ನಮ್ಮ ಹೆಂಗಸರ ಬೀಸುವ ಪದಗಳಲ್ಲಿ ಗಂಡನ ಅಗಲಿಕೆಗಿಂತ ತವರಿನ ಅಗಲಿಕೆಗೇ ಪ್ರಾಧಾನ್ಯ. ಅಣ್ಣ ಬರಲಿಲ್ಲ, ತಾಯಿಯನ್ನು ಕಂಡು ವರುಷವಾಯಿತು, ಹಬ್ಬಕ್ಕೆ ಕರೆ ಬರಲಿಲ್ಲ ಎಂಬ ಹಂಬಲವೇ ಅಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಗಂಡನ ಮೇಲಿನ ಆಸೆಯನ್ನು ಬಾಯಿಬಿಟ್ಟು ಹೇಳುವುದು ಗರತಿಗೆ ಒಪ್ಪುವಂಥದಲ್ಲವೆಂದು ಕೆಲವರು ಕಾರಣ ಕೊಡುತ್ತಾರೆ. ಇರಬಹುದು. ನನಗೆ ತೋರುವುದು ಬೇರೆ: ಹೆಣ್ಣಿಗೆ ಮೊದಲ ಅಗಲಿಕೆ ಮದುವೆಯೇ. ಆ ದುಃಖಕ್ಕೆ ಅವಳು ಧಾಟಿಯನ್ನು ಕಂಡುಕೊಂಡಿದ್ದಳು. ಮುಂದೆ ಗಿರಣಿಯು ಗಂಡನನ್ನೂ ಕರೆದೊಯ್ದಾಗ ಹೊಸ ಧಾಟಿಯನ್ನು ಹುಡುಕಬೇಕಾಗಲಿಲ್ಲ. ಅದೇ ಮೂರು ಸಾಲಿನಲ್ಲಿ ಅದೂ ಹಿಡಿಸಿತು. ಎರಡು ಸಲ ಅಗಲಿದವಳ ದನಿ ಅದು. ತವರೂ ದೂರ, ಗಂಡನೂ ದೂರ, ಹತ್ತಿರವಿರುವವಳು ಅತ್ತೆ.

ಈ ಹಾಡುಗಳು ಕಾಗದದ ಮೇಲೆ ಬಂದ ಬಗೆಯಲ್ಲಿಯೂ ಪರೇಲಿನ ನೆರೆಹೊರೆಗೆ ಒಂದು ಪಾಲಿದೆ. ಶಾಸನಗಳ ಸಂಶೋಧನೆಗಾಗಿ ಹೆಸರಾದ ಜೆ. ಎಫ್. ಫ್ಲೀಟ್ ಸಾಹೇಬನು 1880ರ ದಶಕದ ಉತ್ತರಾರ್ಧದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಎಂಬ ಮಾಸಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದನು. ಆ ಪತ್ರಿಕೆ ಅಚ್ಚಾಗುತ್ತಿದ್ದುದು ಬೈಕಲಾದ ಎಜುಕೇಶನ್ ಸೊಸಾಯಿಟಿಯ ಮುದ್ರಣಾಲಯದಲ್ಲಿ. ಬೆಳಗಾವಿಯ ಸೀಮೆಯ ಹಳ್ಳಿಗಳಲ್ಲಿ ಹಾಡುತ್ತಿದ್ದ ಪದಗಳ ಮೊಳೆಗಳನ್ನು ಪರೇಲಿನಿಂದ ಎರಡು ಮೈಲಿನೊಳಗೆ ಕೂತ ಯಾರೋ ಜೋಡಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿಯ ಬೇಡರ ಲಾವಣಿ ಅದರಲ್ಲಿ ಪ್ರಸಿದ್ಧವಾದುವು. ಅವುಗಳ ಜೊತೆಗೆ ಸಂಗ್ಯಾನ ಲಾವಣಿಯೂ ಇದೆ. ಬೈಲಹೊಂಗಲದ ಕಡೆಯ ಕಥೆ, ಮುಂದೆ ಸಣ್ಣಾಟವಾಗಿ ಇಡೀ ಉತ್ತರ ಕರ್ನಾಟಕವನ್ನು ಅಳಿಸಿದ ಕಥೆ. ಗಂಡ ವ್ಯಾಪಾರಕ್ಕೆ ಊರು ಬಿಟ್ಟಿದ್ದಾನೆ. ಮನೆಯಲ್ಲಿ ಚೆಲುವೆ ಹೆಂಡತಿ ಗಂಗಿ. ಊರಿನಲ್ಲಿ ಸಂಗ್ಯಾ, ಅವನ ಗೆಳೆಯ ಬಾಳ್ಯಾ. ಕೊನೆಗೆ ಕೊಲೆ. ಇದು ವಿರಹದ ಹಾಡಿನ ಮಗ್ಗುಲು ಬದಲಿಸಿದ ರೂಪ. ಊರು ಬಿಟ್ಟ ಗಂಡಸಿನ ಮನಸ್ಸಿನಲ್ಲಿ ಹಂಬಲದ ಹಿಂದೆಯೇ ಅಡಗಿ ಕುಳಿತ ಭಯ ಇಲ್ಲಿ ಮೈದೋರಿದೆ. ಚಾಳಿನ ಕೋಣೆಯಲ್ಲಿ ಮಲಗಿದವನು ಮೈನೆಯನ್ನು ನೆನೆದಷ್ಟೇ ಸಂಗ್ಯಾನನ್ನೂ ನೆನೆದಿರಬೇಕು. ಅದನ್ನು ಹೊರಗೆ ಹೇಳಿರಲಾರ.

ಫ್ಲೀಟನಿಗೆ ಬೇಕಾದುದು ಚರಿತ್ರೆ. ದಂಗೆ, ಗಲ್ಲು, ತೆರಿಗೆಗಳ ಮೇಲಿನ ಹಾಡುಗಳತ್ತ ಅವನ ಒಲವು. ಒಲವಿನ ಹಾಡುಗಳನ್ನು ನಮ್ಮವರು ಎತ್ತಿಕೊಳ್ಳಲು ಇನ್ನೂ ನಾಲ್ಕೈದು ದಶಕ ಹಿಡಿಯಿತು. ಅಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಕೂಡಿ 1931ರಲ್ಲಿ ‘ಗರತಿಯ ಹಾಡು’ ತಂದರು; 1933ರಲ್ಲಿ ‘ಜೀವನ ಸಂಗೀತ’ವೆಂಬ ಲಾವಣಿಗಳ ಸಂಗ್ರಹವನ್ನು ತಂದರು. ಪಂಡಿತರು ಪಡಖಾನೆಯ ಪದವೆಂದು ಮೂಗು ಮುರಿಯುತ್ತಿದ್ದ ಲಾವಣಿಗೆ ಪುಸ್ತಕದ ಮರ್ಯಾದೆ ಸಿಕ್ಕಿತು. ಅದೇ ಹಲಸಂಗಿಯ ಖಾಜಾಭಾಯಿ ಆ ಸೀಮೆಯ ಹೆಸರಾಂತ ಲಾವಣಿಕಾರ. ಜಾತಿಮತಗಳ ವಿಷಯದಲ್ಲಿ ಲಾವಣಿಯು ಎಂದೂ ತಲೆ ಕೆಡಿಸಿಕೊಂಡದ್ದಿಲ್ಲ.

ಹಲಸಂಗಿಯಿಂದ ಭೀಮೆಯನ್ನು ದಾಟಿದರೆ ಸೋಲಾಪುರದ ದಾರಿ. ಪೇಶವೆಗಳ ಕೊನೆಗಾಲದ ಪ್ರಖ್ಯಾತ ಶಾಹೀರ ರಾಮ ಜೋಶಿಯ ಊರು ಅದು. ಈ ಎರಡೂ ಊರುಗಳ ನಡುವೆ ಭಾಷೆ ಬದಲಾಗುತ್ತದೆ. ಹಾಡುವ ಬಗೆ ಅಷ್ಟಾಗಿ ಬದಲಾಗುವುದಿಲ್ಲ. ಅಲ್ಲಿ ಕಲಗಿ-ತುರಾ, ಇಲ್ಲಿ ಹರದೇಶಿ-ನಾಗೇಶಿ. ಎರಡರಲ್ಲಿಯೂ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ರಾತ್ರಿಯಿಡೀ ಮುಗಿಯದ ವಾದ. ಅಲ್ಲಿನ ಪೋವಾಡದ ಹಿಮ್ಮೇಳ ‘ಜೀ ಜೀ’ ಎಂದರೆ ಇಲ್ಲಿಯ ಮೇಳ ‘ಗೀ ಗೀ’ ಎನ್ನುತ್ತದೆ. ದಪ್ಪು, ತುಂತುಣಿ, ತಾಳ ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಯಾರು ಯಾರಿಂದ ಕಲಿತರೆಂಬ ಚರ್ಚೆಯನ್ನು ಪಂಡಿತರಿಗೆ ಬಿಡೋಣ. ಪೇಶವೆಗಳ ಕಾಲದ ಲಾವಣಿಗಳಲ್ಲಿ ಗಂಡ ದಂಡಿಗೆ ಹೋಗಿರುತ್ತಾನೆ, ಹೆಂಡತಿ ಮನೆಯಲ್ಲಿ ಬೇಯುತ್ತಾಳೆ. ನಮ್ಮ ಮಹಾದೇವರಾಯನ ದಂಡಿಗೂ ಆ ದಂಡಿಗೂ ಬಹಳ ದೂರವಿಲ್ಲ.

ಈ ಸಾಮಗ್ರಿಯೆಲ್ಲ ಗಾಡಿಯೇರಿ, ದೋಣಿಯೇರಿ ಗಿರಣಗಾವಕ್ಕೆ ಬಂದಿತು. ಪರೇಲಿನ ದಾಮೋದರ ಹಾಲಿನಲ್ಲಿ ಕಾಮಗಾರರ ನಾಟಕಗಳು, ಲಾಲ್‌ಬಾಗಿನ ಹನುಮಾನ್ ಥಿಯೇಟರಿನಲ್ಲಿ ತಮಾಷೆಗಳು, ಗಣೇಶನ ಹಬ್ಬದಲ್ಲಿ ಚಾಳಿನ ಅಂಗಳದ ಮೇಳಗಳು. ನಮ್ಮ ಕರಾವಳಿಯವರಿಗೆ ಯಕ್ಷಗಾನವಿತ್ತು. ನಳನು ದಮಯಂತಿಯನ್ನು ಕಾಡಿನಲ್ಲಿ ಬಿಟ್ಟು ಹೋಗುವ ಸಂದರ್ಭಕ್ಕೆ ದಿನವೆಲ್ಲ ಲೋಟ ತೊಳೆದು ಬಂದ ಹುಡುಗನೂ ಎಚ್ಚರವಾಗಿಯೇ ಇರುತ್ತಿದ್ದನು.

ಆದರೆ ಗಿರಣಗಾವದ ಬದುಕಿನಿಂದಲೇ ಹುಟ್ಟಿ, ಅಗಲಿದವರ ಹಾಡುಗಳಲ್ಲೆಲ್ಲ ಇಲ್ಲಿ ಹೆಚ್ಚು ಜನರ ನಾಲಗೆಯ ಮೇಲೆ ನಿಂತದ್ದು ಅಣ್ಣಾಭಾವು ಸಾಠೆಯವರ ‘ಮಾಝೀ ಮೈನಾ’. ಅಣ್ಣಾಭಾವು ಹುಟ್ಟಿದ್ದು 1920ರಲ್ಲಿ, ಇಂದಿನ ಸಾಂಗಲಿ ಜಿಲ್ಲೆಯ ವಾಟೇಗಾವದಲ್ಲಿ. ಶಾಲೆಯ ಮುಖವನ್ನು ಕಂಡದ್ದು ಇಲ್ಲವೆನ್ನುವಷ್ಟು ಕಡಿಮೆ. ಹುಡುಗನಾಗಿದ್ದಾಗ ಮನೆಯವರೊಡನೆ ಕಾಲ್ನಡಿಗೆಯಲ್ಲೇ ಮುಂಬಯಿಗೆ ಬಂದರು; ಕಂಡಕಂಡ ಕೂಲಿ ಮಾಡಿದರು, ಗಿರಣಿಯಲ್ಲಿಯೂ ದುಡಿದರು. ಅಮರ ಶೇಖ್ ಮತ್ತು ಗವ್ಹಾಣಕರ ಅವರೊಡನೆ ಸೇರಿ 1940ರ ದಶಕದಲ್ಲಿ ಲಾಲ್ ಬಾವಟಾ ಕಲಾಪಥಕವನ್ನು ಕಟ್ಟಿದರು. ತಮಾಷೆಯಲ್ಲಿ ಶೃಂಗಾರಕ್ಕೆ ಬಳಸುತ್ತಿದ್ದ ಛಕ್ಕಡ್ ಎಂಬ ಮಟ್ಟನ್ನು ಎತ್ತಿಕೊಂಡು ಸಂಯುಕ್ತ ಮಹಾರಾಷ್ಟ್ರ ಚಳವಳಿಯ ದಿನಗಳಲ್ಲಿ ಅವರು ಈ ಹಾಡನ್ನು ಕಟ್ಟಿದರು. ಅಮರ ಶೇಖರ ಕಂಠದಲ್ಲಿ ಅದು ಮೈದಾನಗಳನ್ನು ತುಂಬಿತು. ಕವಿಯೂ ಗಾಯಕರೂ ಇಬ್ಬರೂ 1969ರಲ್ಲಿ ಒಬ್ಬರ ಹಿಂದೊಬ್ಬರು ತೀರಿಕೊಂಡರು.

ಹಾಡಿನ ಕಥೆ ಸರಳ. ಒಬ್ಬ ಬಡವನು ಹೊಟ್ಟೆಪಾಡಿಗೆ ಮುಂಬಯಿಗೆ ಹೊರಡುತ್ತಾನೆ. ಮೈನೆಯಂಥ ಹೆಂಡತಿಯನ್ನು ಊರಿನಲ್ಲಿ ಬಿಟ್ಟು ಬಂದಿದ್ದಾನೆ. ಅವಳ ಚೆಲುವನ್ನು ಹೇಳುತ್ತಾನೆ, ಹೊರಡುವಾಗ ಅವಳು ಪಟ್ಟ ಸಂಕಟವನ್ನು ಹೇಳುತ್ತಾನೆ, ಒಡವೆ ತರುತ್ತೇನೆಂದು ತಾನು ಮಾಡಿದ ಸಮಾಧಾನವನ್ನು ಹೇಳುತ್ತಾನೆ. ಮುಂಬಯಿಗೆ ಬಂದು ನೋಡಿದರೆ ಅಲ್ಲಿ ಹಣವಂತರ ಮಹಲುಗಳೂ ಅವನಂಥವರ ಗೋಳೂ ಅಕ್ಕಪಕ್ಕದಲ್ಲಿ. ಇಲ್ಲಿಯವರೆಗೆ ಇದು ಎಲ್ಲ ನಾಡುಗಳಲ್ಲಿಯೂ ಇರುವ ಹಾಡೇ.

ಇದರಲ್ಲಿ ಹೊಸತು ಮಾತನಾಡುವವನು ಗಂಡನೆಂಬುದು. ವಿರಹದ ಲಾವಣಿಯಲ್ಲಿ ಬಹುಮಟ್ಟಿಗೆ ಅಳುವವಳು ಹೆಣ್ಣು; ಹೆಣ್ಣಿನ ವೇಷದಲ್ಲಿ ಗಂಡಸು ಅಳುವುದೂ ಉಂಟು. ಬಿಹಾರದ ಭಿಖಾರಿ ಠಾಕುರರು ಭೋಜಪುರಿಯಲ್ಲಿ ಆಡಿಸಿ ಲೋಕಪ್ರಿಯಗೊಳಿಸಿದ ‘ಬಿದೇಸಿಯಾ’ ನಾಟಕದಲ್ಲಿಯೂ ಕಲಕತ್ತೆಗೆ ಹೋದ ಗಂಡನಿಗಾಗಿ ಹಲುಬುವವಳು ಹೆಂಡತಿಯೇ. ಗಂಡಸಿನ ವಿರಹಕ್ಕೆ ನಮಗೆ ಗೊತ್ತಿರುವ ದೊಡ್ಡ ನಿದರ್ಶನ ಕಾಳಿದಾಸನ ಯಕ್ಷ. ಯೋಚಿಸಿ ನೋಡಿದರೆ ಯಕ್ಷನೂ ಒಬ್ಬ ನೌಕರನೇ. ಕೆಲಸದಲ್ಲಿ ಉದಾಸೀನ ಮಾಡಿದನೆಂದು ಒಡೆಯನು ಅವನಿಗೆ ಒಂದು ವರ್ಷ ಊರು ಬಿಡಿಸಿದನು. ಅವನ ಶಿಕ್ಷೆಗೆ ಅವಧಿಯಿತ್ತು ಎಂಬುದಷ್ಟೇ ಗಿರಣಿಕಾರನಿಗೂ ಅವನಿಗೂ ಇರುವ ವ್ಯತ್ಯಾಸ. ಅಣ್ಣಾಭಾವು ಅವರ ನಾಯಕನು ಮೋಡವನ್ನು ಕರೆಯುವುದಿಲ್ಲ. ತನ್ನ ಜೊತೆಯ ದುಡಿಮೆಗಾರರನ್ನು ಕರೆಯುತ್ತಾನೆ.

ಇಲ್ಲಿಂದ ಹಾಡಿನ ದಾರಿ ತಿರುಗುತ್ತದೆ. ಕನ್ನಡಿಗನು ನಿಂತು ಕೇಳಬೇಕಾದುದೂ ಇಲ್ಲಿಯೇ. ಮೈನೆಯಿಂದ ಅಗಲಿದವನ ಗತಿಯೇ ಮಹಾರಾಷ್ಟ್ರದ ಗತಿಯೂ ಆಯಿತೆಂದು ಕವಿ ಹೇಳುತ್ತಾರೆ. ಊರಿನಲ್ಲಿ ಉಳಿದ ಹೆಂಡತಿಯಂತೆ ಕೆಲವು ಸೀಮೆಗಳು ಹೊರಗೆ ಉಳಿದವು. ಅವುಗಳ ಹೆಸರು ಬೆಳಗಾವಿ, ಕಾರವಾರ, ನಿಪ್ಪಾಣಿ. ಆ ಕೂಡಲೇ ಚಳವಳಿಯ ಬೆಂಕಿ. ಪರೇಲ್, ಲಾಲ್‌ಬಾಗ್, ಫೌಂಟನ್ ಎಂಬ ಹೆಸರುಗಳು ಹಾಡಿನೊಳಗೇ ಬರುತ್ತವೆ. 1955ರ ನವೆಂಬರದಲ್ಲಿ, 1956ರ ಜನವರಿಯಲ್ಲಿ ಈ ಬೀದಿಗಳಲ್ಲಿ ಗುಂಡು ಹಾರಿತ್ತು. ಚಳವಳಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಗಿರಣಿಯ ಕೆಲಸಗಾರರು ಬಹಳ ಮಂದಿ.

ಅಂದು ಆ ಜನಸ್ತೋಮದ ಅಂಚಿನಲ್ಲಿ ನಿಂತ ಬೆಳಗಾವಿ ಸೀಮೆಯ ಒಬ್ಬ ಕನ್ನಡಿಗ ಕೆಲಸಗಾರನನ್ನು ಊಹಿಸಿಕೊಳ್ಳಿರಿ. ಹಾಡಿನ ಮೊದಲ ಅರ್ಧಕ್ಕೆ ಅವನ ಕಣ್ಣಲ್ಲಿ ನೀರು. ಅದು ಅವನದೇ ಕಥೆ. ಎರಡನೆಯ ಅರ್ಧಕ್ಕೆ ಅವನು ತಬ್ಬಿಬ್ಬು. ಅಲ್ಲಿ ಹೆಸರು ಬಂದುದು ಅವನದೇ ಊರಿನದು. ಅವನ ಹೆಂಡತಿ ಕುಳಿತ ಊರನ್ನು ಇನ್ನೊಬ್ಬನು ತನ್ನ ಮೈನೆಯೆಂದು ಕರೆಯುತ್ತಿದ್ದಾನೆ. 1956ರ ನವೆಂಬರ 1ರವರೆಗೆ ಅವನು ಮುಂಬಯಿಯಲ್ಲಿ ಪರರಾಜ್ಯದವನಾಗಿರಲಿಲ್ಲ. ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರದ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿಯೇ ಇದ್ದುವು. ನಾವಿಂದು ರಾಜ್ಯೋತ್ಸವವೆಂದು ಆಚರಿಸುವ ಆ ದಿನದ ಬೆಳಿಗ್ಗೆ ಅವನ ಊರು ಅವನಿಗೆ ಸಿಕ್ಕಿತು, ಅವನಿರುವ ಊರು ಬೇರೆಯವರದಾಯಿತು. ಇದು ದೂರಲ್ಲ. ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾದ ದಿನವದು. ಅದರ ಸಂತೋಷ ಸಣ್ಣದಲ್ಲ. ಆದರೂ ಪರೇಲಿನ ಕನ್ನಡಿಗನ ಎದೆಯಲ್ಲಿ ಆ ದಿನ ಎರಡು ತಾಳಗಳು ಬಡಿದಿರಬೇಕು.

ನಮ್ಮ ಏಕೀಕರಣದ ಹಾಡುಗಳೊಡನೆ ಇದನ್ನು ಹೋಲಿಸಿದಾಗ ನನಗೆ ಒಂದು ಭೇದ ಕಾಣುತ್ತದೆ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ಹಾಡು ಮೊಳಗಿದಂದಿನಿಂದ ನಾವು ನಾಡನ್ನು ಹೆಚ್ಚಾಗಿ ತಾಯಿಯೆಂದೇ ಹಾಡಿದವರು. ತಾಯಿ ಭುವನೇಶ್ವರಿ ಕಷ್ಟದಲ್ಲಿರಬಹುದು, ಸೆರೆಯಲ್ಲಿರಬಹುದು. ಆದರೆ ಮಕ್ಕಳು ಅವಳನ್ನು ಬಿಟ್ಟು ಹೋದರೆಂಬ ಮಾತು ಅಲ್ಲಿ ಬರುವುದಿಲ್ಲ. ಅಣ್ಣಾಭಾವು ನಾಡನ್ನು ಹೆಂಡತಿಯೆಂದರು, ಅದೂ ಬಿಟ್ಟುಬಂದ ಹೆಂಡತಿ. ತಾಯಿಯ ಹಾಡಿನಲ್ಲಿ ಹೆಮ್ಮೆಯುಂಟು. ಮೈನೆಯ ಹಾಡಿನಲ್ಲಿ ಹೆಮ್ಮೆಯ ಜೊತೆಗೆ ಋಣವೂ ಉಂಟು. ಕೇಳಿದವನು ಸುಮ್ಮನೆ ಮನೆಗೆ ಹೋಗಲಾರ. ಆ ರಾಜಕೀಯದ ಬೇಡಿಕೆಯನ್ನು ನಾವು ಒಪ್ಪುವವರಲ್ಲ. ಬೆಳಗಾವಿ ಕನ್ನಡನಾಡಿನದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಆ ಹಾಡಿನ ಶಕ್ತಿಯನ್ನು ಒಪ್ಪದಿರುವುದು ಕಿವುಡುತನವಾದೀತು. ಕಾಸರಗೋಡನ್ನು ಕೇರಳಕ್ಕೆ ಕೊಟ್ಟಾಗ ಕಯ್ಯಾರ ಕಿಞ್ಞಣ್ಣ ರೈಗಳ ಕವಿತೆ ನಮ್ಮನ್ನು ಕಲಕಿದ್ದನ್ನು ನೆನೆದರೆ, ಹೊಸ ಗಡಿಯ ಈಚೆಗೂ ಆಚೆಗೂ ಊರಿನಲ್ಲಿ ಉಳಿದವರು ಇದ್ದರೆಂಬುದು ತಿಳಿಯುತ್ತದೆ. ಸೋಲಾಪುರ, ಅಕ್ಕಲಕೋಟೆ, ಜತ್ತಗಳಲ್ಲಿ ಮನೆಮಾತು ಕನ್ನಡವಾದವರು ಆ ನವೆಂಬರ 1ರಂದು ಏನು ಹಾಡಿಕೊಂಡರೋ!

ಗಡಿಯ ಮಾತು ಸಾಕು. ಹಾಡಿನ ಇಬ್ಬರು ಕಡೆಗೆ ಕೂಡಿದರೇ ಎಂದು ಕೇಳುವುದು ನ್ಯಾಯ. ಮೈನಾದಲ್ಲಿ ಕೂಡುವುದಿಲ್ಲ. ಬಹಳಷ್ಟು ಒಳ್ಳೆಯ ಅಗಲಿಕೆಯ ಹಾಡುಗಳಲ್ಲಿ ಕೂಡುವುದಿಲ್ಲ. ಕೂಡಿದರೂ ಮಹಾದೇವರಾಯನಂತೆ ನೀರಿನ ಕೆಳಗೆ. ನಿಜದ ಗಿರಣಗಾವದಲ್ಲಿ ಮಾತ್ರ ಅವರು ಕೂಡಿದರು. 1982ರ ಮುಷ್ಕರದ ದೆಸೆಯಿಂದ. ಆ ವರ್ಷ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಗಿರಣಿಯ ಹೊರಗೆ ಬಂದರು. ಆ ಮುಷ್ಕರವನ್ನು ಇಂಥ ದಿನ ಮುಗಿಯಿತೆಂದು ಯಾರೂ ಸಾರಲೇ ಇಲ್ಲ. ಅದು ಸವೆದು ಹೋಯಿತು. ಒಂದು ವರ್ಷ, ಎರಡು ವರ್ಷ ಕಾದು, ಚಾಳಿನ ಬಾಡಿಗೆ ಕಟ್ಟಲಾರದೆ, ಖಾನಾವಳಿಯ ಬಾಕಿ ತೀರಿಸಲಾರದೆ ಸಾವಿರಾರು ಜನ ಊರಿಗೆ ಮರಳಿದರು. ಹೆಂಡತಿ ವರ್ಷಗಟ್ಟಲೆ ಬಾ ಎಂದು ಹಾಡಿ ಕರೆದವನು ಬಂದು ಬಾಗಿಲಲ್ಲಿ ನಿಂತನು. ಕೈಯಲ್ಲಿ ಒಡವೆಯಿರಲಿಲ್ಲ, ತಿಂಗಳ ಮನಿಆರ್ಡರೂ ನಿಂತಿತ್ತು. ಈ ಕೂಡುವಿಕೆಯ ಮೇಲೆ ಲಾವಣಿ ಕಟ್ಟಿದ ಶಾಹೀರರು ಇದ್ದಿದ್ದರೆ ಅವರಿಗೆ ಯಾವ ಮಟ್ಟು ಒದಗುತ್ತಿತ್ತೋ ನಾನು ಹೇಳಲಾರೆ. ಶೃಂಗಾರದ ಛಕ್ಕಡ್ ಅಂತೂ ಒದಗುತ್ತಿರಲಿಲ್ಲ.

ಗಿರಣಿಗಳ ಚಿಮಣಿಗಳು ಒಂದೊಂದಾಗಿ ಉರುಳಿ, ಅಲ್ಲಿ ಗಾಜಿನ ಕಟ್ಟಡಗಳೆದ್ದಿವೆ. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ಅಂಗಳದಲ್ಲಿ ಇಂದು ಅಂಗಡಿಗಳ ಅರಮನೆ. ರಜೆಯ ದಿನ ಸಂಜೆ ನಮ್ಮ ಮಕ್ಕಳೂ ಅಲ್ಲಿಗೆ ಹೋಗುತ್ತಾರೆ. ಅದಕ್ಕಾಗಿ ಮರುಗುತ್ತ ಕೂರುವುದು ನನ್ನ ಉದ್ದೇಶವಲ್ಲ. ಹಾಡಿನ ಇನ್ನೊಂದು ತುದಿ, ಹಳ್ಳಿಯ ತುದಿ, ಏನಾಯಿತೆಂಬುದು ನನ್ನನ್ನು ಹೆಚ್ಚಾಗಿ ಕಾಡುತ್ತದೆ.

ಉತ್ತರ ಕರ್ನಾಟಕದಲ್ಲಿ ‘ಗಿರಣಿ’ ಎಂಬ ಮಾತಿಗೆ ಎರಡು ಅರ್ಥ. ಮುಂಬಯಿಯಲ್ಲಿ ನೂಲುವುದೂ ಗಿರಣಿ, ಊರಿನಲ್ಲಿ ಹಿಟ್ಟು ಬೀಸುವುದೂ ಗಿರಣಿ. ಗಂಡಸು ಮೊದಲನೆಯ ಗಿರಣಿಗೆ ಹೋದನು. ಕೆಲವು ವರ್ಷಗಳ ಮೇಲೆ ಎರಡನೆಯ ಗಿರಣಿ ಹಳ್ಳಿಗೇ ಬಂತು. ನಸುಕಿನ ನಾಲ್ಕು ಗಂಟೆಗೆ ಎದ್ದು ಜೋಳ ಬೀಸುವ ಕಷ್ಟ ತಪ್ಪಿತು. ಅದಕ್ಕೆ ಬೇಸರಪಟ್ಟವಳು ಒಬ್ಬಳೂ ಇರಲಾರಳು, ನಾವು ಹಾಡಿನ ಪ್ರೀತಿಯವರು ಮಾತ್ರ ಬೇಸರಪಡುತ್ತೇವೆ. ಬೀಸುವ ಕಲ್ಲು ಗೋಡೆಗೆ ಒರಗಿತು. ಅದರೊಡನೆ ಅವಳು ತನ್ನಷ್ಟಕ್ಕೆ, ಯಾರೂ ಏಳದ ಹೊತ್ತಿನಲ್ಲಿ, ಅತ್ತೆಯ ಕಿವಿ ತಪ್ಪಿಸಿ ಮಾತನಾಡಬಲ್ಲ ಒಂದೇ ಸ್ಥಳವೂ ಹೋಯಿತು. ಗಂಡನನ್ನು ಒಯ್ದದ್ದೂ ಗಿರಣಿಯೇ, ಅವನಿಗಾಗಿ ಹಾಡಿದ ಹಾಡನ್ನು ಒಯ್ದದ್ದೂ ಗಿರಣಿಯೇ.

ಮಹಾರಾಷ್ಟ್ರದಲ್ಲಿ ಹೇಮಾ ರಾಯರಕರ ಮತ್ತು ಗೀ ಪ್ವಾತವೆಂ ಎಂಬ ಇಬ್ಬರು ಸಂಶೋಧಕರು ತಮ್ಮ ಸಂಗಡಿಗರೊಡನೆ ಹಳ್ಳಿಹಳ್ಳಿ ತಿರುಗಿ ಬೀಸುವ ಕಲ್ಲಿನ ಓವಿಗಳನ್ನು ಒಂದು ಲಕ್ಷಕ್ಕೂ ಮೀರಿ ಕೂಡಿಹಾಕಿದ್ದಾರೆ; ಅವು ಈಗ ಎಲ್ಲರಿಗೂ ಕೇಳಸಿಗುತ್ತವೆ. ನಮ್ಮಲ್ಲಿ ಹಲಸಂಗಿಯ ಗೆಳೆಯರ ತರುವಾಯ ಸಂಗ್ರಹಗಳು ಬೇಕಾದಷ್ಟು ಬಂದಿವೆ. ಆದರೆ ಮುಂಬಯಿಗೆ ಹೋದ ಗಂಡಸರ ಹೆಂಡಿರೆಂದೇ ಗುರುತಿಸಿ, ಇಂಡಿ, ಜತ್ತ, ಚಿಕ್ಕೋಡಿ, ಅಕ್ಕಲಕೋಟೆಗಳ ಮುದುಕಿಯರ ಮುಂದೆ ಕುಳಿತು ಅವರ ಪದಗಳನ್ನು ಬರೆದುಕೊಂಡರೆ ಸಿಗುವ ಫಲವೇ ಬೇರೆ. ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಪಾಲನ್ನು ಇಂಥ ಕೆಲಸಕ್ಕೆ ಎತ್ತಿಡಲು ನಮ್ಮ ಸಂಘಗಳಿಗೆ ಬರದೆಂದೇನಿಲ್ಲ. ಹೋಗುವವರು ಒಂದು ಮಾತನ್ನು ಮೊದಲೇ ತಿಳಿದಿರಲಿ. ಹಾಡು ಎಂದರೆ ಅವರು ‘ನೆನಪಿಲ್ಲಪ್ಪಾ’ ಎನ್ನುತ್ತಾರೆ, ನಿಜವಾಗಿಯೂ ನೆನಪಿರುವುದಿಲ್ಲ. ಗೋಡೆಗೆ ಒರಗಿಸಿದ ಕಲ್ಲನ್ನು ಕೆಳಗಿಳಿಸಿ, ಒಂದು ಹಿಡಿ ಜೋಳ ಸುರಿದು, ಗೂಟವನ್ನು ಅವರ ಕೈಗೆ ಕೊಡಬೇಕು. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಮೊದಲನೆಯ ಪದ ಬರುತ್ತದೆ.